ಮೂವತ್ತು ಓದಿ ನಾಲ್ಕೇ ಇಷ್ಟವಾದರೆ ತಪ್ಪೇನು?

ಪ್ರಶ್ನೆ: ಮೇಡಂ, ನಾನು ಉಡುಪಿಯವನು. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಮ್ಮೆ ಸೇರಿ ಪುಸ್ತಕಗಳ ಬಗ್ಗೆ ಮಾತಾಡುತ್ತೇವೆ. ಡಿಸೆಂಬರ್ ಭೇಟಿಯಲ್ಲಿ ಪ್ರತಿಯೊಬ್ಬರೂ 'ವರ್ಷದ ನನ್ನ ಮೆಚ್ಚಿನ ಹತ್ತು ಪುಸ್ತಕ' ಅಂತ ಪಟ್ಟಿ ಓದಬೇಕು. ಈ ವರ್ಷ ಮೂವತ್ತಕ್ಕೂ ಜಾಸ್ತಿ ಓದಿದೆ. ಮನಸ್ಸಿಗೆ ಹಿಡಿಸಿದ್ದು ನಾಲ್ಕೇ. ಆ ನಾಲ್ಕರಲ್ಲಿ ಈ ವರ್ಷ ಬಂದದ್ದು ಒಂದೇ, ಮಲ್ಪೆ ಕಡೆಯ ಮೀನುಗಾರರ ಮನೆಗಳ ಕಥಾ ಸಂಕಲನ. ಮನ ಮುಟ್ಟುವ ಕಥೆಗಳು. ಟ್ರಾಲಿಂಗ್ ನಿಷೇಧದ ಎರಡು ತಿಂಗಳು ಗಂಡ ಮನೆಯಲ್ಲೇ ಇರುವಾಗ ತಾನು ಎಲ್ಲಿ ಕೂರಬೇಕೆಂದು ಹೆಂಡತಿಗೆ ಗೊತ್ತಾಗದ ಒಂದು ಕಥೆ ಅದರಲ್ಲಿದೆ. ಪ್ರಶಸ್ತಿ ಬಂದ ಪುಸ್ತಕ ಒಂದೂ ನನ್ನ ಪಟ್ಟಿಯಲ್ಲಿಲ್ಲ. 'ನೀವು ಎಲ್ಲದರಲ್ಲೂ ಹುಳುಕು ಹುಡುಕುವವರು' ಎಂದು ಗೆಳೆಯರು ತಮಾಷೆ ಮಾಡುತ್ತಾರೆ. ನಮ್ಮ ಗುಂಪಿನವರೊಬ್ಬರ ಕಾದಂಬರಿಯೂ ಈ ವರ್ಷ ಬಂತು. ಎಲ್ಲರೂ ಹೊಗಳಿದ್ದಾರೆ. ನನಗೆ ಎಂಬತ್ತನೇ ಪುಟ ದಾಟಲು ಆಗಲಿಲ್ಲ. ಪಟ್ಟಿಯಲ್ಲಿ ಹಾಕದಿದ್ದರೆ ಅವರಿಗೆ ಬೇಜಾರು, ಹಾಕಿದರೆ ಸುಳ್ಳು. ನನ್ನ ಓದಿನಲ್ಲೇ ಏನಾದರೂ ಐಬು ಇದೆಯಾ?

ಉತ್ತರ: ಐಬು ಏನೂ ಇಲ್ಲ. ಮೂವತ್ತರಲ್ಲಿ ನಾಲ್ಕು ಸಿಕ್ಕಿದರೆ ಅದು ಒಳ್ಳೆಯ ವರ್ಷವೇ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ನಿಮ್ಮ ರುಚಿ ಕೆಟ್ಟಿದೆಯೋ ಏನೋ ಎಂಬುದು ಒಂದು. 'ವರ್ಷದ ಪುಸ್ತಕ' ಎಂದರೆ ಯಾವುದು ಎಂಬುದು ಇನ್ನೊಂದು. ಗೆಳೆಯರ ಕಾದಂಬರಿ ಮೂರನೆಯದು. ನಿಜವಾಗಿ ಚುಚ್ಚುತ್ತಿರುವುದು ಈ ಮೂರನೆಯದೇ ಅಂತ ನನ್ನ ಗುಮಾನಿ. ಆದರೆ ಮೊದಲ ಎರಡು ಸರಿಯಾಗದೆ ಅದಕ್ಕೆ ಕೈ ಹಾಕಲು ಬರುವುದಿಲ್ಲ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ವಿಮರ್ಶೆ ಮಾಡುತ್ತಾ ಓದುವವರು ಎಂದರೆ ಯಾವುದನ್ನೂ ಮೆಚ್ಚದವರು ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ ಮಾರಾಯ್ರೆ. ಯಕ್ಷಗಾನದ ವಿಷಯದಲ್ಲಿ ನಮ್ಮ ಊರಿನವರು ಹೀಗೆ ಯೋಚಿಸುವುದೇ ಇಲ್ಲ. ರಾತ್ರಿ ಆಟ ನೋಡಿ ಬಂದವರನ್ನು ಬೆಳಿಗ್ಗೆ ಹೋಟೆಲಿನಲ್ಲಿ ಮಾತಾಡಿಸಿ. 'ಚೆನ್ನಾಗಿತ್ತು' ಎಂದು ಮುಗಿಸುವವರು ಕಡಿಮೆ. ಭಾಗವತರು ಯಾವ ಪದ್ಯವನ್ನು ಸುಮ್ನೆ ಎಳೆದರು, ಯಾರ ಪ್ರವೇಶಕ್ಕೆ ರಂಗ ಏರಿತು, ಅರ್ಥ ಹೇಳುವಾಗ ಯಾರು ಎಲ್ಲಿ ಜಾರಿದರು, ಎಲ್ಲ ಬರುತ್ತದೆ. ಹಾಗೆ ಹೇಳಿದವರೇ ಮುಂದಿನ ಆಟಕ್ಕೆ ಎದುರಿನ ಸಾಲಿನಲ್ಲಿ ಕೂತಿರುತ್ತಾರೆ. ಅವರಿಗೆ ಆಟ ಹಿಡಿಸುವುದಿಲ್ಲ ಎಂದು ಯಾರೂ ಅನ್ನುವುದಿಲ್ಲ, ಅಲ್ವಾ? ಪುಸ್ತಕದ ಬಗ್ಗೆ ಅದೇ ರೀತಿ ಮಾತಾಡಿದರೆ ಮಾತ್ರ 'ಹುಳುಕು ಹುಡುಕುವವರು' ಎಂಬ ಬಿರುದು.

ಹೆಚ್ಚು ಓದಿದ ಹಾಗೆ ಹಿಡಿಸುವುದು ಕಡಿಮೆಯಾಗುವುದು ಸಹಜ. ಊರು ಬಿಟ್ಟು ಮುಂಬಯಿಗೆ ಹೋದ ಮಗ, ಬಾಗಿಲು ಮುಚ್ಚಿದ ಗುತ್ತಿನ ಮನೆ, ಕೊನೆಯ ಅಧ್ಯಾಯದಲ್ಲಿ ದೈವದ ಕೋಲ. ಇಂಥ ಕಾದಂಬರಿಯನ್ನು ಮೊದಲ ಸಲ ಓದುವಾಗ ಮೈ ಜುಮ್ಮೆನ್ನುತ್ತದೆ. ನಾಲ್ಕೈದು ಓದಿದ ಮೇಲೆ ಇಪ್ಪತ್ತನೇ ಪುಟದಲ್ಲೇ ದೈವ ಯಾವಾಗ ಬರುತ್ತದೆ ಎಂದು ಗೊತ್ತಾಗುತ್ತದೆ. ಪುಸ್ತಕ ಕೆಟ್ಟದ್ದು ಎಂದಲ್ಲ. ಹೊಸದಾಗಿ ಓದುವವರ ಮೆಚ್ಚುಗೆಯೂ ಸುಳ್ಳಲ್ಲ. ನೀವು ಆ ದಾರಿಯಲ್ಲಿ ಈಗಾಗಲೇ ನಡೆದು ಬಂದಿದ್ದೀರಿ, ಅಷ್ಟೇ.

ಇನ್ನೊಂದು ಕಾರಣವಿದೆ. ಅದನ್ನು ಓದುಗರು ಗಮನಿಸುವುದೇ ಇಲ್ಲ. ಒಂದು ಕೆಲಸ ಮಾಡಿ. ಈ ವರ್ಷ ಓದಿದ ಅಷ್ಟೂ ಪುಸ್ತಕಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಅದು ನಿಮ್ಮ ಕೈಗೆ ಹೇಗೆ ಬಂತು ಎಂದು ಬರೆಯಿರಿ. ಬಿಡುಗಡೆ ಸಮಾರಂಭದಲ್ಲಿ ಮುಖ ನೋಡಿ ಕೊಂಡದ್ದು. ಲೇಖಕರೇ ಸಹಿ ಹಾಕಿ ಕೊಟ್ಟ ಗೌರವ ಪ್ರತಿ. ಗುಂಪಿನ ಆ ತಿಂಗಳ ಪುಸ್ತಕ ಎಂದು ಓದಿದ್ದು. ನೀವೇ ಹುಡುಕಿ ತರಿಸಿದ್ದು. ನಿಮ್ಮ ನಾಲ್ಕು ಪುಸ್ತಕಗಳಲ್ಲಿ ಹೆಚ್ಚಿನವು ಕೊನೆಯ ಗುಂಪಿನಲ್ಲಿ ಸಿಕ್ಕಿದರೆ ನನಗೆ ಆಶ್ಚರ್ಯವಿಲ್ಲ. ದಾಕ್ಷಿಣ್ಯಕ್ಕೆ ಕೊಂಡದ್ದನ್ನು ಓದುವಾಗ ಪ್ರೀತಿ ಹುಟ್ಟಬೇಕೆಂದು ಹಟ ಹಿಡಿಯಲು ಆಗುತ್ತದೆಯೇ?

ಕನ್ನಡ ಪುಸ್ತಕ ಓದುಗರಿಗೆ ತಲುಪುವ ದಾರಿಯೇ ಹಾಗಿದೆ. ಪುಸ್ತಕದ ಮೊದಲ ಪುಟಗಳಲ್ಲಿ, ಶೀರ್ಷಿಕೆಯ ಹಿಂಬದಿಯಲ್ಲಿ, ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ ನೋಡಿ. ಮೊದಲ ಮುದ್ರಣ ಯಾವಾಗ, ಡೆಮಿ 1/8 ಆಕಾರ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ, ಬೆಲೆ ಎಷ್ಟು ಎಂದೆಲ್ಲ ಇರುವ ಜಾಗ. ಅಲ್ಲಿ 'ಪ್ರತಿಗಳು: 1000' ಎಂದು ಎಷ್ಟೋ ಪುಸ್ತಕಗಳಲ್ಲಿ ಕಾಣುತ್ತೀರಿ. ಕೆಲವದರಲ್ಲಿ 500. ಆ ಸಾವಿರದಲ್ಲಿ ಒಂದಿಷ್ಟು ಗ್ರಂಥಾಲಯ ಇಲಾಖೆಯ ಖರೀದಿಗೆ, ಒಂದಿಷ್ಟು ಬಿಡುಗಡೆಯ ದಿನಕ್ಕೆ, ಒಂದಿಷ್ಟು ಲೇಖಕರ ಮನೆಯ ಅಟ್ಟಕ್ಕೆ. ಉಳಿದದ್ದು ಅಂಗಡಿಗೆ. ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದ ಮೇಲೆ, ಗಂಟೆಗಟ್ಟಲೆ ನಿಂತು ಹೊರಳಿಸಿ ನೋಡಿ ಕೊಳ್ಳುವ ಅಭ್ಯಾಸ ಮಂಗಳೂರಿನಲ್ಲಿ ಕಡಿಮೆಯಾಯಿತು ಎಂದು ನನಗೆ ಅನ್ನಿಸುತ್ತದೆ. ಈಗ ಪುಸ್ತಕವನ್ನು ಮೊದಲು ಮೊಬೈಲಿನಲ್ಲಿ ಮುಖಪುಟವಾಗಿ ನೋಡುತ್ತೇವೆ. ಯಾರಾದರೂ ಪರಿಚಯದವರು ಹಂಚಿಕೊಂಡರೆ ಮಾತ್ರ ಅದೂ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ 'ವರ್ಷದ ಅತ್ಯುತ್ತಮ' ಎಂಬ ಮಾತನ್ನು ಬಿಟ್ಟುಬಿಡಬಹುದು. ಕನ್ನಡದಲ್ಲಿ ವರ್ಷಕ್ಕೆ ಸಾವಿರಾರು ಪುಸ್ತಕ ಬರುತ್ತವೆ. ಮೂವತ್ತು ಓದಿದ ನೀವಾಗಲಿ, ಆಯ್ಕೆ ಸಮಿತಿಗಳಲ್ಲಿ ಕೂತು ರಾಶಿ ಓದುವ ನಮ್ಮಂಥವರಾಗಲಿ, ಅತ್ಯುತ್ತಮ ಯಾವುದು ಎಂದು ಹೇಳಲು ಯಾವ ಆಧಾರವೂ ಇಲ್ಲ. 'ನಾನು ಓದಿದ್ದರಲ್ಲಿ ನನಗೆ ಹಿಡಿಸಿದ್ದು' ಎಂದು ಹೇಳಲು ಮಾತ್ರ ಪೂರ್ತಿ ಹಕ್ಕಿದೆ.

ಆದರೂ ಒಂದು ಎಚ್ಚರ ಬೇಕು. ಹುಳಿ ಹಿಡಿದ ಓದು ಎಂಬುದೂ ಇದೆ. ಬೆನ್ನುಡಿ ನೋಡಿಯೇ ತೀರ್ಮಾನಿಸುವುದು, ಅಚ್ಚಿನ ತಪ್ಪಿಗೆ ಗೆರೆ ಎಳೆಯುವುದರಲ್ಲೇ ಪುಸ್ತಕ ಮುಗಿಸುವುದು, ಮುನ್ನುಡಿ ಬರೆದವರ ಮೇಲಿನ ಸಿಟ್ಟನ್ನು ಕವಿಯ ಮೇಲೆ ತೀರಿಸುವುದು. ಇದು ನಮ್ಮ ಕಸುಬಿನವರಿಗೇ ಬೇಗ ಅಂಟುವ ಕಾಯಿಲೆ. ನಿಮಗೆ ಅಂಟಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಹಿಡಿಸದ ಒಂದು ಪುಸ್ತಕ ತೆಗೆದುಕೊಳ್ಳಿ. ಅದು ಏನು ಮಾಡಲು ಹೊರಟಿತ್ತು ಎಂದು ಎರಡು ವಾಕ್ಯದಲ್ಲಿ ಹೇಳಿ. ಅದನ್ನು ಬರೆದವರೇ ಕೇಳಿದರೆ 'ಹೌದು, ಅದೇ' ಅನ್ನುವ ಹಾಗಿರಬೇಕು. ಅಷ್ಟು ಹೇಳಲು ಬಂದರೆ ನಿಮ್ಮ ಓದು ಸರಿಯಾಗಿದೆ. ಬರದಿದ್ದರೆ ಆ ಪುಸ್ತಕವನ್ನು ನೀವು ಓದಿಲ್ಲ, ತಪ್ಪು ಎಣಿಸಿದ್ದೀರಿ.

ಇನ್ನು ವರ್ಷದ ಮಾತು. ಈ ವರ್ಷ ಬಂದದ್ದು ಬೇರೆ, ಈ ವರ್ಷ ಓದಿದ್ದು ಬೇರೆ. ನಿಮ್ಮ ಗುಂಪು ಯಾವುದನ್ನು ಕೇಳುತ್ತಿದೆ ಎಂದು ಮೊದಲೇ ಮಾತಾಡಿಕೊಳ್ಳಿ. ನನ್ನನ್ನು ಕೇಳಿದರೆ ಓದಿದ್ದೇ ಸರಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅಚ್ಚಾದದ್ದು 1899ರಲ್ಲಿ, ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಅದನ್ನು ಈ ವರ್ಷ ಮೊದಲ ಸಲ ಓದಿ ಬೆರಗಾದವರಿಗೆ ಅದು ಈ ವರ್ಷದ ಪುಸ್ತಕವಲ್ಲದೆ ಮತ್ತೇನು? ಹೊಸದನ್ನೇ ಹಾಕಬೇಕೆಂದು ಗುಂಪು ಹಟ ಹಿಡಿದರೆ ಮಾತ್ರ ಮೇಲೆ ಹೇಳಿದ ಸಣ್ಣ ಅಕ್ಷರದ ಪಟ್ಟಿಯನ್ನು ಸರಿಯಾಗಿ ಓದಿ. ಹೊಸ ಮುಖಪುಟ, ಹೊಸ ಪ್ರಕಾಶನ, ಒಳಗೆ 'ಮೂರನೆಯ ಮುದ್ರಣ' ಎಂದಿರುತ್ತದೆ. ಪತ್ರಿಕೆಯ ಅಂಕಣಗಳನ್ನು ಸೇರಿಸಿ ಮಾಡಿದ ಪುಸ್ತಕದಲ್ಲಿ ಹತ್ತು ವರ್ಷ ಹಿಂದಿನ ಬರಹವೂ ಇರುತ್ತದೆ. ತುಳು, ಕೊಂಕಣಿ, ಬ್ಯಾರಿಯಲ್ಲಿ ಓದುವವರಾದರೆ ಅವನ್ನೂ ಸೇರಿಸಿ. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು ಮಾತಾಡುವ ಊರಿನಲ್ಲಿ ಕೂತು ಬರಿ ಒಂದು ಭಾಷೆಯ ಪಟ್ಟಿ ಓದುವುದು ನನಗಂತೂ ವಿಚಿತ್ರ ಅನ್ನಿಸುತ್ತದೆ.

ಪ್ರಶಸ್ತಿಯ ಪುಸ್ತಕ ನಿಮ್ಮ ಪಟ್ಟಿಯಲ್ಲಿಲ್ಲ ಎಂಬುದು ಚಿಂತೆಯೇ ಅಲ್ಲ. ಪ್ರಶಸ್ತಿಯ ವರ್ಷಕ್ಕೂ ಪುಸ್ತಕದ ವರ್ಷಕ್ಕೂ ತಾಳೆ ಆಗುವುದಿಲ್ಲ ಎಂದು ಬಹಳ ಮಂದಿಗೆ ತಿಳಿದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ ತನ್ನ ವಾರ್ಷಿಕ ಪ್ರಶಸ್ತಿಗೆ ಹಿಂದಿನ ಒಂದು ವರ್ಷವನ್ನು ಬಿಟ್ಟು, ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಮೊದಲು ಅಚ್ಚಾದ ಪುಸ್ತಕಗಳನ್ನು ನೋಡುತ್ತದೆ. 2023ರ ಪ್ರಶಸ್ತಿ ಎಂದರೆ 2017ರಿಂದ 2021ರ ಒಳಗಿನ ಪುಸ್ತಕ. ಕೋಟದ ಕಾರಂತರ 'ಮೂಕಜ್ಜಿಯ ಕನಸುಗಳು' ಬಂದದ್ದು 1968ರಲ್ಲಿ, ಅದಕ್ಕೆ ಜ್ಞಾನಪೀಠ 1977ರಲ್ಲಿ. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಗೆದ್ದಾಗ ನಮ್ಮ ಓದುವ ಗುಂಪುಗಳಿಗೆಲ್ಲ ಹಬ್ಬ. ಆದರೆ ಅದರಲ್ಲಿರುವ 12 ಕಥೆಗಳು 1990ರಿಂದ 2023ರ ತನಕ ಬರೆದವು. ಕನ್ನಡದಲ್ಲಿ ಅವು ಎಷ್ಟೋ ವರ್ಷದಿಂದ ಇದ್ದವು, ಓದಿದವರು ಕಡಿಮೆ. ಆ ಬಹುಮಾನದ 50,000 ಪೌಂಡನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಿದರು. ನಿಮ್ಮ ಪಟ್ಟಿಯಲ್ಲಿ ಅನುವಾದ ಇದ್ದರೆ ಅನುವಾದಕರ ಹೆಸರನ್ನೂ ಓದಿ ಹೇಳಿ. ನಮ್ಮ ಸಭೆಗಳಲ್ಲಿ ಅದನ್ನು ನುಂಗಿಬಿಡುವುದೇ ರೂಢಿ.

ಪ್ರಶಸ್ತಿ ಸಮಿತಿಯಲ್ಲಿ ನಡೆಯುವುದನ್ನು ಒಳಗಿನಿಂದ ನೋಡಿದ್ದೇನೆ. ಮೂರು ಜನರಲ್ಲಿ ಒಬ್ಬರಿಗೆ ತುಂಬ ಇಷ್ಟವಾದದ್ದು ಇನ್ನೊಬ್ಬರಿಗೆ ಆಗುವುದೇ ಇಲ್ಲ. ಕೊನೆಗೆ ಮೂವರಿಗೂ 'ಪರವಾಗಿಲ್ಲ' ಅನ್ನಿಸಿದ್ದು ಗೆಲ್ಲುವುದುಂಟು. ಮೋಸ ಏನೂ ಇರುವುದಿಲ್ಲ. ಹಲವರು ಕೂತು ಆರಿಸಿದರೆ ಆಗುವುದೇ ಹಾಗೆ. ಒಬ್ಬರೇ ಮಾಡುವ ಪಟ್ಟಿಗೆ ಆ ಹಂಗಿಲ್ಲ. ಮೂವರೂ ಒಪ್ಪದ ಪುಸ್ತಕವನ್ನು ನೀವು ಒಬ್ಬರೇ ಎತ್ತಿ ಹಿಡಿಯಬಹುದು. ಇಷ್ಟು ದೊಡ್ಡ ಸೌಕರ್ಯ ಇರುವಾಗ ಪ್ರಶಸ್ತಿಯ ಪಟ್ಟಿಯನ್ನೇ ಮತ್ತೆ ಬರೆಯುವುದು ಯಾಕೆ?

ಈಗ ಪಟ್ಟಿ ಬರೆಯುವ ಕೆಲಸಕ್ಕೆ ಬರೋಣ. ನನಗೆ ನಿಜವಾಗಿ ಹೇಳಬೇಕಾದದ್ದು ಇಲ್ಲೇ ಇದೆ. ಹೆಸರುಗಳ ಪಟ್ಟಿಗೆ ಬೆಲೆ ಕಡಿಮೆ. ಹೆಸರಿನ ಕೆಳಗೆ ಬರೆಯುವ ಎರಡು ಸಾಲಿಗೆ ಬೆಲೆ ಜಾಸ್ತಿ. ಆ ಎರಡು ಸಾಲನ್ನು ಪರೀಕ್ಷಿಸುವುದು ಹೇಗೆ ಎಂದರೆ, ಅದನ್ನು ತೆಗೆದು ಪಟ್ಟಿಯ ಇನ್ನೊಂದು ಪುಸ್ತಕದ ಕೆಳಗೆ ಇಡಿ. ಅಲ್ಲೂ ಸರಿಹೊಂದಿದರೆ ಅದನ್ನು ಹೊಡೆದು ಹಾಕಿ.

ನಿಮ್ಮ ಪತ್ರದಿಂದಲೇ ಉದಾಹರಣೆ ಕೊಡುತ್ತೇನೆ. ಮಲ್ಪೆಯ ಸಂಕಲನದ ಬಗ್ಗೆ 'ಮನ ಮುಟ್ಟುವ ಕಥೆಗಳು' ಎಂದು ಬರೆದಿದ್ದೀರಿ. ಈ ಮಾತನ್ನು ಯಾವ ಪುಸ್ತಕದ ಬೆನ್ನಿಗೆ ಬೇಕಾದರೂ ಅಂಟಿಸಬಹುದು. ಬೆನ್ನುಡಿಗಳು ಇರುವುದೇ ಇಂಥ ಮಾತುಗಳಿಂದ. ಅದರ ಮುಂದಿನ ವಾಕ್ಯ ನೋಡಿ. ಗಂಡ ದಿನವಿಡೀ ಮನೆಯಲ್ಲಿರುವಾಗ ತಾನು ಎಲ್ಲಿ ಕೂರಬೇಕೆಂದು ಹೆಂಡತಿಗೆ ಗೊತ್ತಾಗುವುದಿಲ್ಲ. ಇದು ಬೇರೆ ಯಾವ ಪುಸ್ತಕಕ್ಕೂ ಹೊಂದುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ಎಂಬುದು ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದೆ. ಬಂದರಿನಲ್ಲಿ ಸಾಲಾಗಿ ನಿಲ್ಲಿಸಿದ ಬೋಟುಗಳ ಫೋಟೋವೂ ಬರುತ್ತದೆ. ಮನೆಯೊಳಗೆ ಆ 61 ದಿನ ಏನಾಗುತ್ತದೆ ಎಂದು ಪೇಪರಿನಲ್ಲಿ ಬರುವುದಿಲ್ಲ. ಆ ಕಥೆಗಾರರು ಅದನ್ನು ಕಂಡಿದ್ದಾರೆ, ನೀವು ಅದನ್ನು ಹಿಡಿದಿದ್ದೀರಿ. ನಿಮ್ಮ ಪಟ್ಟಿಗೆ ಆ ಒಂದು ವಾಕ್ಯ ಸಾಕು. ನಾನಂತೂ ಪತ್ರ ಓದಿದ ಕೂಡಲೇ ಆ ಪುಸ್ತಕ ಯಾವುದು ಎಂದು ವಿಚಾರಿಸಲು ಹೊರಟೆ.

ಆ ಸಂಕಲನದಲ್ಲಿ ಸಪ್ಪೆ ಕಥೆಗಳೂ ಇದ್ದರೆ ಅದನ್ನೂ ಹೇಳಿ. ಮೆಚ್ಚಿದ ಪುಸ್ತಕದಲ್ಲಿ ಕುಂದು ಹೇಳಬಾರದು ಎಂಬ ನಿಯಮ ಯಾರೂ ಮಾಡಿಲ್ಲ. 'ಕೊನೆಯ ಎರಡು ಕಥೆ ಬಿಟ್ಟು ಓದಿ' ಎಂದು ಹೇಳುವವರ ಮಾತನ್ನು ಕೇಳಿಯೇ ಜನ ಪುಸ್ತಕ ಕೊಳ್ಳುತ್ತಾರೆ.

ಒಂದು ಸಣ್ಣ ತೊಡಕು ಇದೆ. ಡಿಸೆಂಬರಿನಲ್ಲಿ ಕೂತು ನೆನಪು ಮಾಡಿದರೆ ದೀಪಾವಳಿಯ ಈಚೆಗೆ ಓದಿದ್ದೇ ಮುಂದೆ ಬಂದು ನಿಲ್ಲುತ್ತದೆ. ಜನವರಿಯ ಪುಸ್ತಕ ಹೆಸರು ಮಾತ್ರವಾಗಿ ಉಳಿದಿರುತ್ತದೆ. ಪುಸ್ತಕ ಮುಚ್ಚಿದ ದಿನವೇ ಒಂದು ಸಾಲು ಬರೆದಿಡುವ ಡೈರಿ ಇದ್ದರೆ ಈ ಪೇಚು ಇಲ್ಲ. ಈ ವರ್ಷ ಹಾಗೆ ಬರೆದಿಲ್ಲವಾದರೆ, ಮೊದಲ ಆರು ತಿಂಗಳ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಎಲ್ಲಾದರೂ ಒಂದು ಹತ್ತು ಪುಟ ಓದಿ ನೋಡಿ. ನಿಮ್ಮ ನಾಲ್ಕು ಐದಾಗಬಹುದು. ಮೂರಾಗಲೂಬಹುದು.

ಇನ್ನು ಗೆಳೆಯರ ಕಾದಂಬರಿ.

ಎಂಬತ್ತು ಪುಟ ಓದಿ ಬಿಟ್ಟ ಪುಸ್ತಕದ ಬಗ್ಗೆ ಮಾತಾಡುವ ಹಕ್ಕೇ ಇಲ್ಲ ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಇಡೀ ಕಾದಂಬರಿ ಹೇಗಿದೆ ಎಂದು ಹೇಳುವ ಹಾಗಿಲ್ಲ, ಸರಿ. ಎಂಬತ್ತನೇ ಪುಟದಲ್ಲಿ ಯಾಕೆ ಕೆಳಗಿಟ್ಟಿರಿ ಎಂದು ಹೇಳಬಹುದು. ಲೇಖಕರಿಗೆ ಅದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಕಾರಣ ಹುಡುಕಿ. ಮೊದಲ ಅಧ್ಯಾಯದಲ್ಲೇ ಹದಿನೈದು ಹೆಸರು ಬಂದು ಯಾರು ಯಾರ ಅಳಿಯ ಎಂದು ಗೊತ್ತಾಗಲಿಲ್ಲವೇ? ಕುಂದಾಪುರದ ಅಜ್ಜಿಯೂ ಮಂಗಳೂರಿನ ವಕೀಲರೂ ಒಂದೇ ದನಿಯಲ್ಲಿ ಮಾತಾಡುತ್ತಾರೆಯೇ? ಅಥವಾ ಆ ವಾರ ನಿಮ್ಮ ಮನೆಯಲ್ಲಿ ಮದುವೆಯ ಗಡಿಬಿಡಿ ಇತ್ತೇ? ಕೊನೆಯದಾದರೆ ಪುಸ್ತಕದ ತಪ್ಪೇನಿಲ್ಲ, ಇನ್ನೊಮ್ಮೆ ಹಿಡಿಯಿರಿ.

ಹಿಡಿದೂ ಆಗಲಿಲ್ಲ ಎಂದಿಟ್ಟುಕೊಳ್ಳಿ. ದಾಕ್ಷಿಣ್ಯಕ್ಕೆ ಪಟ್ಟಿಯ ಹತ್ತನೇ ಜಾಗದಲ್ಲಿ ಹಾಕಿಬಿಡುವುದು ಎಲ್ಲರೂ ಮಾಡುವ ಉಪಾಯ. ಆದರೆ ಹನ್ನೆರಡು ಜನರ ಗುಂಪಿನಲ್ಲಿ ಇದು ಮುಚ್ಚಿಟ್ಟರೂ ಗೊತ್ತಾಗುತ್ತದೆ. ಅದರ ಕೆಳಗೆ ಎರಡು ಸಾಲು ಬರೆಯಲು ಹೋದಾಗ 'ಮನ ಮುಟ್ಟುವ' ಬಂದೇ ಬರುತ್ತದೆ. ಉಳಿದ ಪುಸ್ತಕಗಳ ಮೇಲಿನ ನಿಮ್ಮ ಮಾತಿಗೂ ಆಗ ತೂಕ ಇಳಿಯುತ್ತದೆ. ಗೆಳೆಯರ ಪುಸ್ತಕ ಹಾಕುವುದೇ ಇಲ್ಲ ಎಂಬ ನಿಯಮ ಮಾಡಿ ಮೊದಲೇ ಘೋಷಿಸುವವರೂ ಇದ್ದಾರೆ. ಇದು ಸುರಕ್ಷಿತ. ಆದರೆ ಗೆಳೆಯರೊಬ್ಬರು ನಿಜವಾಗಿ ಒಳ್ಳೆಯದು ಬರೆದ ವರ್ಷ ಇದೇ ನಿಯಮ ಅವರಿಗೆ ಅನ್ಯಾಯ ಮಾಡುತ್ತದೆ. ನಮ್ಮ ಊರು ಸಣ್ಣದು. ಬರೆಯುವವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಪರಿಚಯದವರೇ. ನಿಯಮ ಬಿಗಿ ಮಾಡಿದರೆ ಪಟ್ಟಿಯೇ ಖಾಲಿ. ಏನೂ ಹೇಳದೆ ಸುಮ್ಮನೆ ಬಿಟ್ಟುಬಿಡುವುದು ಇನ್ನೊಂದು ದಾರಿ. ಹೆಚ್ಚಿನವರು ಇದನ್ನೇ ಆರಿಸುತ್ತಾರೆ. ಬರೆದವರು ಆ ದಿನ ಎದುರಿನಲ್ಲೇ ಕೂತು ತಮ್ಮ ಹೆಸರು ಬರುತ್ತದೋ ಎಂದು ಕಾಯುತ್ತಿರುತ್ತಾರೆ. ಆಗ ಆಗುವ ನೋವು ಒಂದು ಟೀಕೆಯಿಂದ ಆಗುವುದಕ್ಕಿಂತ ಜಾಸ್ತಿ ಎಂಬುದು ನಾನು ಬರಹಗಾರರ ನಡುವೆ ಇದ್ದು ಕಂಡದ್ದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಡಿಸೆಂಬರ್ ಭೇಟಿಗೆ ಮೊದಲೇ ಅವರ ಮನೆಗೆ ಹೋಗುತ್ತೇನೆ. ಫೋನು ಬೇಡ. ವಾಟ್ಸ್ಯಾಪ್ ಅಂತೂ ಬೇಡವೇ ಬೇಡ, ಅದನ್ನು ಇನ್ನೊಬ್ಬರಿಗೆ ಕಳುಹಿಸಲು ಒಂದು ಬೆರಳು ಸಾಕು. ಪುಸ್ತಕ ಕೈಯಲ್ಲಿರಲಿ. ಚೆನ್ನಾಗಿದೆ ಅನ್ನಿಸಿದ ಒಂದು ಪುಟ ತೆರೆದು ತೋರಿಸಿ. ಎಂಬತ್ತು ಪುಟದಲ್ಲಿ ಅಂಥದ್ದು ಒಂದಾದರೂ ಸಿಗದೆ ಇರುವುದಿಲ್ಲ. ಆಮೇಲೆ ನಿಂತ ಜಾಗ ತೋರಿಸಿ, 'ಇಲ್ಲಿ ನನಗೆ ಮುಂದೆ ಹೋಗಲು ಆಗಲಿಲ್ಲ, ಯಾಕೆಂದರೆ ಹೀಗೆ' ಎಂದು ಹೇಳಿ. ಪಟ್ಟಿಯಲ್ಲಿ ಹಾಕುತ್ತಿಲ್ಲ ಎಂಬುದನ್ನೂ ಅಲ್ಲೇ ಹೇಳಿಬಿಡಿ. ನೀವು ಹೇಳಿದ್ದನ್ನು ಒಪ್ಪಲೇಬೇಕು ಎಂದು ಕೂರಬೇಡಿ. ಒಪ್ಪದೆ ಇರುವುದಕ್ಕೂ ಅವರಿಗೆ ಕಾರಣ ಇರುತ್ತದೆ, ಕೆಲವೊಮ್ಮೆ ಒಳ್ಳೆಯ ಕಾರಣವೇ.

ಇದಕ್ಕೆ ಅಪಾಯ ಇಲ್ಲ ಎಂದು ಹೇಳಲಾರೆ. ಕೆಲವು ತಿಂಗಳು ಮಾತು ಕಡಿಮೆಯಾಗಬಹುದು. ಕಾರ್ಯಕ್ರಮಗಳಲ್ಲಿ ಎದುರಾದಾಗ ಆಚೆ ನೋಡಬಹುದು. ಪುಟ ತೋರಿಸಿ ಹೇಳಿದ ಮಾತಿಗೆ ಸಿಟ್ಟಾದವರು ಹೆಚ್ಚಾಗಿ ತಿರುಗಿ ಬರುತ್ತಾರೆ, ಮುಂದಿನ ಹಸ್ತಪ್ರತಿ ಹಿಡಿದುಕೊಂಡೇ ಬರುವುದೂ ಉಂಟು. ಕೆಲವರು ಬರುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಓದುಗರಲ್ಲ, ಚಪ್ಪಾಳೆ. ನಿಮ್ಮ ಗೆಳೆಯರು ಯಾವ ಬಗೆಯವರು ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಎರಡನೇ ಬಗೆಯವರು ಎಂದು ಖಾತ್ರಿ ಇದ್ದರೆ, ಮತ್ತು ಗೆಳೆತನ ಮೂವತ್ತು ವರ್ಷದ್ದಾದರೆ, ಮನೆಗೆ ಹೋಗುವುದನ್ನು ಬಿಟ್ಟು ಸುಮ್ಮನಿದ್ದುಬಿಡಿ. ಒಂದು ಪಟ್ಟಿಗಾಗಿ ಅದನ್ನು ಕಳೆದುಕೊಳ್ಳಿ ಎಂದು ನಾನು ಹೇಳಲಾರೆ. ಹತ್ತನೇ ಜಾಗದಲ್ಲಿ ಹಾಕುವುದು ಮಾತ್ರ ಆಗಲೂ ಬೇಡ.

ಉಳಿದದ್ದು ಹತ್ತರ ಲೆಕ್ಕ. ಹತ್ತು ಎಂಬುದು ಪೇಪರಿನವರು ಪುಟ ತುಂಬಲು ಮಾಡಿಕೊಂಡ ಸಂಖ್ಯೆ, ನಿಮ್ಮ ಗುಂಪಿಗೆ ಅದರ ಹಂಗಿಲ್ಲ. ನಾಲ್ಕು ಇದ್ದರೆ ನಾಲ್ಕೇ ಓದಿ. ಸಮಯ ಉಳಿದರೆ, ತುಂಬ ಆಸೆಯಿಂದ ಕೊಂಡು ನಿರಾಶೆಯಾದ ಒಂದು ಪುಸ್ತಕದ ಬಗ್ಗೆಯೂ, ಹಿಂದೆ ಓದಿದ್ದನ್ನು ಈ ವರ್ಷ ಮತ್ತೆ ಓದಿದ್ದರೆ ಅದರ ಬಗ್ಗೆಯೂ ಮಾತಾಡಿ. ಚರ್ಚೆ ಏಳುವುದು ಅಲ್ಲೇ. ನಿರಾಶೆಯ ಪುಸ್ತಕ ಆರಿಸುವಾಗ ಊರಿನ ಹೊಸ ಲೇಖಕರನ್ನು ಬಿಟ್ಟು, ಹತ್ತಾರು ಮುದ್ರಣ ಕಂಡ ದೊಡ್ಡವರದ್ದನ್ನೇ ತೆಗೆದುಕೊಳ್ಳಿ. ಅವರಿಗೆ ನಿಮ್ಮ ಮಾತು ತಾಗುವುದಿಲ್ಲ. ಡಿಸೆಂಬರಿನಲ್ಲಿ ಕೊಂಡು ಇನ್ನೂ ಬಿಡಿಸದೆ ಇಟ್ಟದ್ದನ್ನು ಈ ವರ್ಷದ ಪಟ್ಟಿಗೆ ಅವಸರದಲ್ಲಿ ತುರುಕಬೇಡಿ, ಮುಂದಿನ ವರ್ಷದ ಡೈರಿಯ ಮೊದಲ ಪುಟದಲ್ಲಿ ಬರೆದಿಡಿ.